‘ಜೀವ ಬಾಯಿಗೆ ಬಂತು’ ಅಂತ ಒಬ್ಬರು, ‘ಬರೀ ಬೋರು’ ಅಂತ ಇನ್ನೊಬ್ಬರು: ಯಾರ ಮಾತು ನಂಬಿ ಗೇಮ್ ಕೊಳ್ಳೋದು?

ಪ್ರಶ್ನೆ: ನಾನು ಶಿರಸಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಹಳೇ ಪ್ಲೇಸ್ಟೇಷನ್ ಥರ ಕಾಣುವ, ಕೈಯಲ್ಲಿ ಬಂದೂಕು ಇಲ್ಲದ, ಬರೀ ಅಡಗಿಕೊಂಡು ಆಡುವ ಹಾರರ್ ಗೇಮ್ ಒಂದನ್ನು ಕೊಳ್ಳಬೇಕು ಅಂತಿದ್ದೇನೆ. ಆದರೆ ಆಡಿದವರ ಅಭಿಪ್ರಾಯ ಓದಿದರೆ ತಲೆ ಕೆಡುತ್ತದೆ. ಒಬ್ಬರು ‘ರಾತ್ರಿ ಬಚ್ಚಲಿಗೆ ಹೋಗೋಕೂ ಹೆದರಿಕೆ ಆಯ್ತು’ ಅಂತ ಬರೆದಿದ್ದಾರೆ. ಅದರ ಕೆಳಗೇ ಇನ್ನೊಬ್ಬರು ‘ಕಪಾಟಿನೊಳಗೆ ಕೂತು ಕೂತು ನಿದ್ದೆ ಬಂತು’ ಅಂದಿದ್ದಾರೆ. ಇಬ್ಬರೂ ಆಡಿದ್ದು ಒಂದೇ ಗೇಮಾ? ಯಾರನ್ನು ನಂಬಲಿ?

ಉತ್ತರ: ಒಂದೇ ಗೇಮು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಈ ಜಾತಿಯ ಗೇಮ್ ಬಗ್ಗೆ ಯಾರು ಏನೇ ಬರೆದಿರಲಿ, ನಾನು ಮೊದಲು ಹುಡುಕುವುದು ಒಂದೇ ವಿಷಯ. ಈ ಮನುಷ್ಯ ಒಂದೇ ಜಾಗದಲ್ಲಿ ಎಷ್ಟು ಸಲ ಸತ್ತ?

ನೀವು ಶಿರಸಿಯವರಾದ್ದರಿಂದ ವಿವರಿಸುವುದು ಸುಲಭ. ಬೇಡರ ವೇಷ ನೋಡಿರುತ್ತೀರಿ. ಮಾರಿಕಾಂಬೆ ಜಾತ್ರೆ ಇಲ್ಲದ ವರ್ಷ, ಹೋಳಿಗೆ ಮುಂಚಿನ ರಾತ್ರಿಗಳು. ನಾನು ಆರೋ ಏಳೋ ವರ್ಷದವನಿದ್ದಾಗ ಅಜ್ಜನ ಕೈ ಹಿಡಿದು ರಸ್ತೆ ಬದಿಯಲ್ಲಿ ನಿಂತಿದ್ದೆ. ಮೊದಲು ಎಲ್ಲೋ ದೂರದಲ್ಲಿ ತಮಟೆ ಕೇಳಿತು. ಯಾವ ಓಣಿಯಲ್ಲಿ ಅಂತ ಗೊತ್ತಾಗಲಿಲ್ಲ. ಒಮ್ಮೆ ಹತ್ತಿರ ಬಂದಂತೆ, ಒಮ್ಮೆ ದೂರ ಹೋದಂತೆ. ಆ ಹತ್ತು ನಿಮಿಷ ನಾನು ಅಜ್ಜನ ಪಂಚೆಯೊಳಗೇ ಇದ್ದೆ. ಆಮೇಲೆ ವೇಷ ಬಂತು. ಬೆನ್ನಿಗೆ ನವಿಲುಗರಿ, ದೊಡ್ಡ ಮೀಸೆ, ಕೈಯಲ್ಲಿ ಕತ್ತಿ. ಹಿಂದಿನಿಂದ ಇಬ್ಬರು ಹಗ್ಗ ಹಿಡಿದು ಜಗ್ಗುತ್ತಿದ್ದರು. ಕಿರುಚಿದೆ. ಆದರೆ ಸ್ವಲ್ಪ ಹೊತ್ತಿಗೆ ಅದೇ ಬೇಡ ಅಂಗಡಿ ಕಟ್ಟೆಯ ಮೇಲೆ ಕೂತು, ಮೀಸೆ ನೆನೆಯದ ಹಾಗೆ ಜಾಗ್ರತೆಯಿಂದ ಚಾ ಕುಡಿಯುತ್ತಿದ್ದುದನ್ನು ಕಂಡೆ. ಅಲ್ಲಿಗೆ ಮುಗಿಯಿತು. ಆಮೇಲೆ ಅವರು ಕತ್ತಿ ಬೀಸುತ್ತ ಮೈಮೇಲೆ ಬಂದರೂ ನನಗೆ ಚಾ ಲೋಟವೇ ಕಾಣುತ್ತಿತ್ತು.

ಅಡಗಿ ಆಡುವ ಹಾರರ್ ಗೇಮ್‌ನಲ್ಲೂ ತಮಟೆಯ ಹೊತ್ತು ಇದೆ, ಚಾ ಲೋಟದ ಹೊತ್ತೂ ಇದೆ. ದೆವ್ವ ಎಲ್ಲಿದೆ ಗೊತ್ತಿಲ್ಲ, ಸದ್ದು ಮಾತ್ರ ಬರುತ್ತಿದೆ, ನೀವು ಮಂಚದ ಕೆಳಗೆ ಉಸಿರು ಹಿಡಿದು ಮಲಗಿದ್ದೀರಿ. ಅದು ತಮಟೆ. ಅದು ನಿಮ್ಮನ್ನು ಹಿಡಿಯಿತು, ಕಿರುಚಿತು, ಪರದೆ ಕಪ್ಪಾಯಿತು, ಮತ್ತೆ ಮೊದಲಿನ ಬಾಗಿಲ ಹತ್ತಿರ ನಿಂತಿದ್ದೀರಿ. ಮೊದಲ ಸಲ ಎದೆ ಧಸಕ್ಕೆನ್ನುತ್ತದೆ. ಎರಡನೇ ಸಲ ‘ಛೇ’ ಅನಿಸುತ್ತದೆ. ನಾಲ್ಕನೇ ಸಲ ಆ ದೆವ್ವ ಘಟ್ಟದ ರಸ್ತೆಯಲ್ಲಿ ಮುಂದೆ ಸಿಕ್ಕ ಲಾರಿ. ಹೆದರಿಕೆ ಹೋಯಿತು, ಬರೀ ಅಡ್ಡಿ. ‘ಭಯಂಕರ’ ಅಂತ ಬರೆದವರು ಜಾಸ್ತಿ ಸಾಯದೆ ದಾಟಿದವರು. ‘ಬೋರು’ ಅಂದವರು ಒಂದೇ ಕಡೆ ಎಂಟು ಸಲ ಸತ್ತವರು. ನನ್ನ ಲೆಕ್ಕ ಬಹಳ ಸಲ ಸರಿಯಾಗಿದೆ.

ಇನ್ನು ಆ ಚೌಕ ಚೌಕ ಮುಖ, ನಡುಗುವ ಗೋಡೆ. ‘2025 ದಾಟಿದರೂ ಇಂಥ ಗ್ರಾಫಿಕ್ಸಾ?’ ಅಂತ ಬಯ್ಯುವವರು ಪ್ರತಿ ಗೇಮ್‌ನ ಕೆಳಗೂ ಸಿಗುತ್ತಾರೆ. ಇದು ಬಡತನ ಅಲ್ಲ, ಬೇಕಂತಲೇ ಮಾಡಿದ್ದು. ಮೊದಲ ಪ್ಲೇಸ್ಟೇಷನ್ ಜಪಾನಿನಲ್ಲಿ ಬಂದಿದ್ದು 1994ರ ಡಿಸೆಂಬರ್‌ನಲ್ಲಿ. ಅದರಲ್ಲಿದ್ದ ಮುಖ್ಯ ಮೆಮೊರಿ 2 ಎಂಬಿ. ಚಿತ್ರಕ್ಕೆ ಬೇರೆ 1 ಎಂಬಿ. ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಬರುವ ಶುಭೋದಯದ ವಿಡಿಯೊ ಇದಕ್ಕಿಂತ ದೊಡ್ಡದಿರುತ್ತದೆ! ಗೋಡೆ, ಮುಖ ಎಲ್ಲವನ್ನೂ ತ್ರಿಕೋನಗಳಿಂದ ಕಟ್ಟುತ್ತಿದ್ದರು. ಪ್ರತಿ ತ್ರಿಕೋನದ ಮೂಲೆಯನ್ನೂ ಆ ಯಂತ್ರ ಪರದೆಯ ಯಾವುದಾದರೂ ಒಂದು ಇಡೀ ಚುಕ್ಕೆಯ ಮೇಲೇ ಕೂರಿಸಬೇಕಿತ್ತು. ಚುಕ್ಕೆಯ ಅರ್ಧ, ಕಾಲು ಅನ್ನುವ ಲೆಕ್ಕ ಅದಕ್ಕಿರಲಿಲ್ಲ. ನೀವು ನಡೆದಂತೆ ಮೂಲೆಗಳು ಒಂದು ಚುಕ್ಕೆಯಿಂದ ಇನ್ನೊಂದಕ್ಕೆ ಜಿಗಿಯುತ್ತಿದ್ದವು. ಗೋಡೆ ನಡುಗುವುದು ಅದಕ್ಕೆ. ನೆಲದ ಹಾಸಿನ ಚಿತ್ರ ಅಂಟಿಸುವಾಗ ದೂರ ಹತ್ತಿರದ ಲೆಕ್ಕವನ್ನೂ ಅದು ಹಿಡಿಯುತ್ತಿರಲಿಲ್ಲ. ಹಾಗಾಗಿ ನೇರ ಇರಬೇಕಾದ ಟೈಲ್ಸ್ ಗೆರೆಗಳು ಸೊಟ್ಟಗೆ ಜಾರುತ್ತಿದ್ದವು.

ಇದರಿಂದ ಹೆದರಿಕೆ ಹೇಗೆ? ಆಗಿನ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 320, ಉದ್ದಕ್ಕೆ 240 ಚುಕ್ಕೆ. ಒಟ್ಟು 76,800. ಇವತ್ತಿನ ಫುಲ್ ಎಚ್‌ಡಿ ಪರದೆಯಲ್ಲಿ ಇದರ 27 ಪಟ್ಟು ಚುಕ್ಕೆಗಳಿವೆ. ಉದ್ದದ ಓಣಿಯ ಆ ತುದಿಯಲ್ಲಿ ಯಾರೋ ನಿಂತಿದ್ದಾರೆ ಅಂದುಕೊಳ್ಳಿ. ಆ ಆಕೃತಿಗೆ ಸಿಗುವುದು ಕೈಬೆರಳೆಣಿಕೆಯಷ್ಟು ಚುಕ್ಕೆ. ಅದು ಮನುಷ್ಯನೋ, ಗೂಟಕ್ಕೆ ಹಾಕಿದ ಕಂಬಳಿಯೋ? ಎಷ್ಟು ದಿಟ್ಟಿಸಿದರೂ ತೀರ್ಮಾನ ಆಗುವುದಿಲ್ಲ. ಹೊಸ ಗೇಮ್‌ನಲ್ಲಿ ದೆವ್ವದ ಹಲ್ಲಿನ ಸಂದಿಯೂ ಕಾಣುತ್ತದೆ. ಕಂಡ ಮೇಲೆ ಊಹಿಸಲು ಏನಿದೆ?

ಮಂಜಿನ ಕಥೆಯೂ ಹೀಗೇ. 1999ರ ‘ಸೈಲೆಂಟ್ ಹಿಲ್’ನಲ್ಲಿ ಊರು ತುಂಬ ಮಂಜು. ದೂರದ ಮನೆ, ರಸ್ತೆಗಳನ್ನು ಬಿಡಿಸುವ ಶಕ್ತಿ ಆ ಯಂತ್ರಕ್ಕಿರಲಿಲ್ಲ. ಮಂಜು ಮತ್ತು ಕತ್ತಲಲ್ಲಿ ಅದನ್ನು ಮುಚ್ಚಿಟ್ಟರು. ಮಳೆಗಾಲದ ಸಂಜೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಡ್‌ಲೈಟು ಹಾಕಿದಷ್ಟೂ ಎದುರಿಗೆ ಬಿಳಿ ಗೋಡೆ ದಪ್ಪವಾಗುತ್ತದೆ. ಎದುರಿನ ಬಸ್ಸಿನ ಹಾರ್ನು ಕೇಳುತ್ತದೆ, ಬಸ್ಸು ಕಾಣುವುದಿಲ್ಲ. ಆ ಗೇಮ್‌ನಲ್ಲೂ ಜೇಬಿನ ರೇಡಿಯೊ ಇದೆ. ಪಿಶಾಚಿ ಹತ್ತಿರ ಬಂದರೆ ಕರಕರ ಅನ್ನುತ್ತದೆ. ಮತ್ತೆ ಅದೇ, ತಮಟೆ ಮೊದಲು, ವೇಷ ಆಮೇಲೆ.

ಹಾಗಂತ ಗ್ರಾಫಿಕ್ಸ್ ಬಗ್ಗೆ ದೂರುವವರೆಲ್ಲ ತಿಳಿಗೇಡಿಗಳು ಅನ್ನಬೇಡಿ. ಅಕ್ಷರ ಓದೋಕಾಗಲ್ಲ, ಅರ್ಧ ಗಂಟೆಗೆ ತಲೆ ತಿರುಗುತ್ತೆ ಅಂತ ಬರೆದಿದ್ದರೆ ಅದು ರುಚಿಯ ಮಾತಲ್ಲ, ದೇಹದ ಮಾತು. ನನಗೂ ಆಗುತ್ತದೆ. ನಡುಕ ಮತ್ತು ಹಳೇ ಟಿವಿ ಗೆರೆಗಳನ್ನು ನಿಲ್ಲಿಸುವ ಸೆಟ್ಟಿಂಗ್ ಹಲವು ಗೇಮ್‌ಗಳಲ್ಲಿ ಇರುತ್ತದೆ. ಇದೆಯಾ ಅಂತ ನೋಡಿಕೊಳ್ಳಿ.

ಈಗ ಜಗಳದ ಮುಖ್ಯ ಜಾಗಕ್ಕೆ ಬರೋಣ. ಒಂದೇ ಗೇಮ್ ಬಗ್ಗೆ ‘ದೆವ್ವ ಪೆದ್ದು, ಮುಂದೆ ನಿಂತರೂ ಕಾಣಲ್ಲ’ ಅನ್ನುವವರೂ ಇದ್ದಾರೆ, ‘ದೆವ್ವ ಮೋಸ ಮಾಡುತ್ತೆ, ಎಲ್ಲಿ ಅಡಗಿದರೂ ಬರುತ್ತೆ’ ಅನ್ನುವವರೂ ಇದ್ದಾರೆ. ಅಡಗಿ ಆಡುವ ಆಟ ಹುಟ್ಟಿದಾಗಿನಿಂದ ಇದೇ ಗೋಳು. 1995ರಲ್ಲಿ ಸೂಪರ್ ಫ್ಯಾಮಿಕಾಮ್ ಅನ್ನುವ ನಿಂಟೆಂಡೊ ಗೇಮ್ ಯಂತ್ರಕ್ಕೆ ಬಂದ ‘ಕ್ಲಾಕ್ ಟವರ್’ನಲ್ಲಿ ದೊಡ್ಡ ಕತ್ತರಿ ಹಿಡಿದವನೊಬ್ಬ ಹುಡುಗಿಯ ಬೆನ್ನು ಹತ್ತುತ್ತಾನೆ. ಅವಳ ಹತ್ತಿರ ಆಯುಧ ಇಲ್ಲ, ಓಡಬೇಕು, ಅಡಗಬೇಕು. 1998ರಲ್ಲಿ ‘ಥೀಫ್’ ಬಂತು. ಅದರಲ್ಲಿ ಕಾಲ ಕೆಳಗಿನ ನೆಲವೇ ಶತ್ರು. ಜಮಖಾನೆಯ ಮೇಲೆ ನಡೆದರೆ ಸದ್ದಿಲ್ಲ, ಕಬ್ಬಿಣದ ಮೇಲೆ ನಡೆದರೆ ಕಾವಲುಗಾರ ತಿರುಗುತ್ತಾನೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿರುವ ಚಾಪೆಲ್ ಯುದ್ಧನೌಕೆ ಹತ್ತಿದ್ದರೆ ಇದು ತಕ್ಷಣ ಅರ್ಥವಾಗುತ್ತದೆ. ಒಬ್ಬ ಹುಡುಗ ಚಪ್ಪಲಿ ಹಾಕಿ ಓಡಿದರೆ ಸಾಕು, ಎಲ್ಲರೂ ತಿರುಗಿ ನೋಡುತ್ತಾರೆ. ಅದೇ ವರ್ಷದ ‘ಮೆಟಲ್ ಗೇರ್ ಸಾಲಿಡ್’ನಲ್ಲಿ ಹಿಮದ ಮೇಲೆ ಬಿದ್ದ ಹೆಜ್ಜೆ ಗುರುತು ಹಿಡಿದು ಕಾವಲುಗಾರರು ಬರುತ್ತಿದ್ದರು.

ಒಳಗಿನ ಲೆಕ್ಕ ಹೆಚ್ಚೂಕಡಿಮೆ ಇಷ್ಟು. ದೆವ್ವಕ್ಕೆ ಎದುರಿಗೆ ಬೀಸಣಿಗೆ ಆಕಾರದ ಒಂದು ದೃಷ್ಟಿ ಇರುತ್ತದೆ. ಸುತ್ತ ಒಂದು ಕಿವಿಯ ವರ್ತುಲ ಇರುತ್ತದೆ. ಸುಮ್ನೆ ಸುತ್ತುವುದು, ಅನುಮಾನ, ಬೆನ್ನಟ್ಟುವುದು, ಹುಡುಕುವುದು, ಮತ್ತೆ ಸುತ್ತುವುದು. ಈ ಸುತ್ತು ಆಟಗಾರನಿಗೆ ಬಾಯಿಪಾಠವಾದ ದಿನ ಹೆದರಿಕೆ ಮುಗಿಯಿತು. ಅದಕ್ಕೇ 2014ರ ‘ಏಲಿಯನ್: ಐಸೊಲೇಷನ್’ ಮಾಡಿದವರು ಬೆನ್ನಟ್ಟುವ ಅನ್ಯಗ್ರಹದ ಪ್ರಾಣಿಯ ಹಿಂದೆ ಎರಡು ತಲೆ, ಅಂದರೆ ಯೋಚಿಸುವ ಎರಡು ಪ್ರೋಗ್ರಾಂ ಇಟ್ಟರು. ಮೇಲಿನ ತಲೆಗೆ ನೀವು ಎಲ್ಲಿದ್ದೀರಿ ಅಂತ ಯಾವಾಗಲೂ ಗೊತ್ತು. ಅದು ಪ್ರಾಣಿಗೆ ‘ಆ ಕಡೆ ಸ್ವಲ್ಪ ನೋಡು’ ಅಂತ ಸುಳಿವು ಕೊಡುತ್ತದೆ, ಅಷ್ಟೇ. ಹುಡುಕಿ ಹಿಡಿಯುವುದನ್ನು ಪ್ರಾಣಿ ತನ್ನ ಕಣ್ಣು ಕಿವಿಯಿಂದಲೇ ಮಾಡಬೇಕು. ಹಾಗಾಗಿ ಅದು ನಿಮ್ಮ ಆಸುಪಾಸಿನಲ್ಲೇ ಸುಳಿಯುತ್ತದೆ, ಆದರೆ ಎಲ್ಲಿಂದ ಬರುತ್ತದೆ ಅಂತ ಬಾಯಿಪಾಠ ಮಾಡಲಾಗುವುದಿಲ್ಲ. ‘ಮೋಸ’ ಅಂದವರ ಮಾತಿನಲ್ಲೂ ಅರ್ಧ ನಿಜ ಇದೆ, ಅಲ್ವಾ?

ಗೇಮ್ ವಿಮರ್ಶೆ ಮಾಡುವ ಎರಡು ಸಂಸ್ಥೆಗಳು ಈ ಗೇಮ್‌ಗೆ ಕೊಟ್ಟ ಅಂಕ ನೋಡಿ. ಐಜಿಎನ್ ಕೊಟ್ಟಿದ್ದು 10ಕ್ಕೆ 5.9. ಪಿಸಿ ಗೇಮರ್ ಕೊಟ್ಟಿದ್ದು 100ಕ್ಕೆ 93. ಸಂಬಳ ತಗೊಂಡು ಗೇಮ್ ಆಡುವವರೇ ಹೀಗೆ ಕಿತ್ತಾಡುವಾಗ ನಿಮ್ಮ ತಲೆ ಕೆಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಗೇಮ್‌ನಲ್ಲಿ ಎಲ್ಲೆಂದರಲ್ಲಿ ಸೇವ್ ಮಾಡುವ ಹಾಗಿಲ್ಲ. ಗೋಡೆಯ ಪೆಟ್ಟಿಗೆ ತನಕ ಹೋಗಿ, ಕಾರ್ಡ್ ತುರುಕಿ, ಒಂದೆರಡು ಕ್ಷಣ ಕಾಯಬೇಕು. ಆ ಕ್ಷಣದಲ್ಲೂ ಹಿಂದಿನಿಂದ ಬಂದು ಹಿಡಿಯಬಹುದು. ಸತ್ತರೆ ಹಿಂದಿನ ಪೆಟ್ಟಿಗೆಯಿಂದ ಎಲ್ಲ ಮೊದಲಿನಿಂದ.

ಸೇವ್ ವಿಷಯ ಮಾತ್ರ ನಮ್ಮ ಕಡೆಯವರು ಗಂಭೀರವಾಗಿ ನೋಡಬೇಕು. 1996ರ ‘ರೆಸಿಡೆಂಟ್ ಈವಿಲ್’ನಲ್ಲಿ ಟೈಪ್‌ರೈಟರ್ ಹತ್ತಿರ ಹೋಗಿ, ಶಾಯಿಯ ರಿಬ್ಬನ್ ಖರ್ಚು ಮಾಡಿ ಸೇವ್ ಮಾಡಬೇಕಿತ್ತು. ಹಳೇ ರುಚಿಯ ಹೊಸ ಗೇಮ್‌ಗಳು ಅದೇ ಪದ್ಧತಿಯನ್ನು ಪ್ರೀತಿಯಿಂದ ಎತ್ತಿಕೊಂಡಿವೆ. ಬೇರೆ ಊರಿನ ಆಟಗಾರ ಅದನ್ನು ‘ಒತ್ತಡ ಹೆಚ್ಚಿಸುತ್ತದೆ’ ಅಂತ ಹೊಗಳುತ್ತಾನೆ. ಅವನಿಗೇನು, ಆಷಾಢದಲ್ಲಿ ಅವನ ಮನೆಯ ಲೈನಿನ ಮೇಲೆ ಅಡಿಕೆ ಮರ ಬೀಳುವುದಿಲ್ಲ. ಕಳೆದ ಮಳೆಗಾಲದಲ್ಲಿ ನಾನು ಮುಕ್ಕಾಲು ಗಂಟೆ ತೆವಳಿಕೊಂಡು ಹೋಗಿ, ಇನ್ನೇನು ಸೇವ್ ಕೋಣೆಯ ಬಾಗಿಲು ತೆರೆಯಬೇಕು, ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷ ಆಗಿತ್ತು. ಕತ್ತಲಲ್ಲಿ ಕೂತಾಗ ಒಳಗಿನಿಂದ ಅಮ್ಮ ‘ಹೆದರಿಕೆ ಆಗ್ತಾ?’ ಅಂತ ಕೇಳಿದಳು. ಹೆದರಿಕೆ ಅಲ್ಲ, ಅಳು ಬಂದಿತ್ತು.

ಜರ್ಮನಿಯ ಸಣ್ಣ ತಂಡವೊಂದು 2022ರಲ್ಲಿ ತಂದ ‘ಸಿಗ್ನಾಲಿಸ್’ ಬಗ್ಗೆ ಇಂಥದ್ದೇ ಒಂದು ದೂರು ಇದೆ. ಅದರಲ್ಲಿ ಒಮ್ಮೆಗೆ ಆರೇ ವಸ್ತು ಹೊತ್ತೊಯ್ಯಬಹುದು. ಏನು ಬಿಡಲಿ, ಏನು ಒಯ್ಯಲಿ ಅನ್ನುವ ಸಂಕಟವೇ ಆಟ ಅಂತ ಕೆಲವರು. ಪೆಟ್ಟಿಗೆಗೂ ಕೋಣೆಗೂ ಸುಮ್ನೆ ಓಡಾಡಿಸುತ್ತಾರೆ ಅಂತ ಇನ್ನು ಕೆಲವರು. ನಾನು ಎರಡನೇ ಗುಂಪು. ಆದರೂ ಆ ಗೇಮ್ ಇಷ್ಟ. 2024ರ ‘ಕ್ರೋ ಕಂಟ್ರಿ’ಯವರು ಜಗಳವೇ ಬೇಡ ಅಂತ ಶತ್ರುಗಳೇ ಇಲ್ಲದೆ ಊರು ಸುತ್ತುವ ಒಂದು ಬಗೆಯನ್ನೂ ಕೊಟ್ಟುಬಿಟ್ಟರು. ಕಾರವಾರದಲ್ಲಿರುವ ನನ್ನ ಭಾವ ಅದನ್ನು ಹಾಗೇ ಆಡಿ ಮುಗಿಸಿ, ‘ಎಂತ ಹೆದರಿಕೆ ಮಾರಾಯ, ಒಳ್ಳೇ ಪಿಕ್‌ನಿಕ್ ಇದ್ದಂಗೆ ಇತ್ತು’ ಅಂದ. ಅವನ ಅಭಿಪ್ರಾಯವೂ ಎಲ್ಲೋ ಒಂದು ಕಡೆ ಮೆಚ್ಚುಗೆಯ ಹೆಬ್ಬೆರಳಾಗಿ ಸೇರಿದೆ, ನೆನಪಿರಲಿ.

ಹಾಗಾದರೆ ಓದುವುದು ಹೇಗೆ? ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಪ್ರತಿ ಅಭಿಪ್ರಾಯದ ಜೊತೆ ಅವರು ಎಷ್ಟು ಗಂಟೆ ಆಡಿದ್ದಾರೆ ಅಂತ ಇರುತ್ತದೆ. ಮೊದಲು ಅದನ್ನು ನೋಡಿ. ಅರ್ಧ ಗಂಟೆ ಆಡಿ ‘ಇಂಥ ಭಯ ಕಂಡೇ ಇಲ್ಲ’ ಅಂದವರು ತಮಟೆ ಮಾತ್ರ ಕೇಳಿದ್ದಾರೆ. ಪೂರ್ತಿ ಮುಗಿಸಿದವರು ಕೊನೆಯ ಭಾಗದ ಬಗ್ಗೆ ಏನು ಹೇಳಿದ್ದಾರೆ ಅನ್ನುವುದು ಮುಖ್ಯ. ‘ಮಿಕ್ಸೆಡ್’ ಅಂತ ಕಂಡ ಕೂಡಲೇ ಬಿಟ್ಟುಬಿಡಬೇಡಿ. ನೂರಕ್ಕೆ 40ರಿಂದ 69 ಜನ ಮೆಚ್ಚಿದ್ದರೆ ಆ ಹಣೆಪಟ್ಟಿ ಬರುತ್ತದೆ. ಅಂದರೆ ಮೂರರಲ್ಲಿ ಇಬ್ಬರಿಗೆ ಇಷ್ಟವಾದ ಗೇಮ್ ಕೂಡ ಅಲ್ಲೇ ಕೂತಿರುತ್ತದೆ. ಬಯ್ದವರ ಬರಹವನ್ನೇ ನಾನು ಜಾಸ್ತಿ ಓದುತ್ತೇನೆ. ‘ವೇಸ್ಟ್’ ಅಂತ ಒಂದೇ ಪದ ಇದ್ದರೆ ದಾಟಿಸಿ. ‘ನೆಲಮಾಳಿಗೆಯಲ್ಲಿ ಆರು ಸಲ ಸತ್ತೆ, ಪ್ರತಿ ಸಲ ಇಪ್ಪತ್ತು ನಿಮಿಷ ಹಿಂದೆ ಹೋದೆ’ ಅಂತ ಇದ್ದರೆ ಅದು ಚಿನ್ನ. ಅಷ್ಟು ತಾಳ್ಮೆ ನಿಮಗಿದೆಯಾ ಅಂತ ನಿಮಗೇ ಗೊತ್ತಿರುತ್ತದೆ.

ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಆದರೆ ಈ ಜಾತಿಯ ಎಷ್ಟೋ ಗೇಮ್‌ಗಳು ಮುಗಿಯುವುದೇ ಎರಡು ಗಂಟೆಯೊಳಗೆ. 2021ರಲ್ಲಿ ‘ಸಮ್ಮರ್ ಆಫ್ 58’ ಅನ್ನುವ ಹಾರರ್ ಗೇಮ್‌ಗೆ ಇದೇ ಆಯಿತು. ಆಡಿ ಮುಗಿಸಿ, ಮೆಚ್ಚಿ ಬರೆದು, ದುಡ್ಡೂ ವಾಪಸ್ ತಗೊಂಡವರಿದ್ದರು. ಅದನ್ನು ಮಾಡಿದ ಎಮಿಕಾ ಗೇಮ್ಸ್ ಬೇಸತ್ತು ಗೇಮ್ ಮಾಡುವುದನ್ನೇ ಬಿಡುತ್ತೇನೆ ಅಂತ ಹೇಳಿಕೊಂಡಿತು. ಇಷ್ಟವಾಗದಿದ್ದರೆ ವಾಪಸ್ ಕೇಳಿ, ಮುಗಿಸಿ ಕೇಳಬೇಡಿ.

ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಫೋನಿನಲ್ಲಿ ‘ಗ್ರ್ಯಾನಿ’ ಹಾಕಿಕೊಳ್ಳಿ. 2017ರದ್ದು, ಪುಕ್ಕಟೆ. ಅಜ್ಜಿಯ ಮನೆಯಿಂದ ತಪ್ಪಿಸಿಕೊಳ್ಳಬೇಕು. ಐದು ದಿನ ಇದೆ, ಸಿಕ್ಕಿಬಿದ್ದಾಗಲೆಲ್ಲ ಒಂದು ದಿನ ಹೋಗುತ್ತದೆ. ಹಲಗೆ ಕಿರ್ ಅಂದರೂ, ಕೈಯಿಂದ ವಸ್ತು ಬಿದ್ದರೂ ಅಜ್ಜಿ ಬರುತ್ತಾಳೆ. ಮೆತ್ತಿನ ಮನೆಯಲ್ಲಿ, ಅಂದರೆ ಮರದ ಹಲಗೆಯ ಮಹಡಿ ಇರುವ ಮನೆಯಲ್ಲಿ ಬೆಳೆದವರಿಗೆ ಯಾವ ಹಲಗೆ ಕೂಗುತ್ತದೆ ಅಂತ ಕಾಲಿಗೇ ಗೊತ್ತಿರುತ್ತದೆ, ಹಾಗಾಗಿ ನಮಗೆ ಇದು ಸ್ವಲ್ಪ ಹೆಚ್ಚೇ ತಾಗುತ್ತದೆ. ಇಯರ್‌ಫೋನ್ ಹಾಕಿ, ದೀಪ ಆರಿಸಿ ಆಡಿ. ಮೂರನೇ ದಿನ ಅಜ್ಜಿ ಬಂದಾಗ ಉಸಿರು ಹಿಡಿದಿದ್ದರೆ ನೀವು ಹೇಳಿದ ಗೇಮ್ ಧೈರ್ಯವಾಗಿ ಕೊಳ್ಳಿ. ‘ಬಂದಳು ಮತ್ತೆ’ ಅಂತ ಆಕಳಿಸಿದ್ದರೆ ಆ ದುಡ್ಡಿನಲ್ಲಿ ಲ್ಯಾಪ್‌ಟಾಪಿಗೆ ಬ್ಯಾಟರಿ ಹಾಕಿಸಿ.