ಸಾವಿನ ಕಾರಣ ಬರೆಯೋ ಕಾಲಂನಲ್ಲಿ ನಿಜವಾಗ್ಲೂ ಏನಿರುತ್ತೆ?

2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆ ಆದ್ವು ಅನ್ನುತ್ತೆ ಅಪರಾಧ, ಆತ್ಮಹತ್ಯೆಗಳ ಲೆಕ್ಕ ಇಡೋ ಕೇಂದ್ರ ಸರ್ಕಾರಿ ಸಂಸ್ಥೆ ಎನ್‌ಸಿಆರ್‌ಬಿ ವರದಿ, ಅದ್ರಲ್ಲಿ ಶೇ. 31.7ಕ್ಕೆ ಕಾರಣ ಕೌಟುಂಬಿಕ ಸಮಸ್ಯೆ, ಶೇ. 18.4ಕ್ಕೆ ಕಾಯಿಲೆ. ಸಮಾಜಶಾಸ್ತ್ರ ಪಾಠ ಮಾಡೋ ನಾನು ಪ್ರತಿ ಬ್ಯಾಚಿಗೂ ಈ ಟೇಬಲ್ ತೋರಿಸಿ, ಸಾವಿನ ಲೆಕ್ಕ ಒಂದು ಥರದ ಮಾಹಿತಿ, ಕಾರಣದ ಲೆಕ್ಕ ಬೇರೆಯೇ ಥರದ್ದು ಅಂತ ಹೇಳ್ತೀನಿ.

ಕಾರಣದ ಕಾಲಂ ಹುಟ್ಟೋದು ಪೊಲೀಸ್ ಸ್ಟೇಷನ್ನಲ್ಲಿ. ಅಲ್ಲಿ ಕೂತಿರೋ ತಮ್ಮನೋ ಭಾವಮೈದನೋ "ಹೊಟ್ಟೆನೋವಿತ್ತು ಸಾರ್, ತಡೀಲಿಲ್ಲ" ಅಂತಾನೆ, ಮಾರನೇ ದಿನ ಪೇಪರಿನಲ್ಲಿ "ಹೊಟ್ಟೆನೋವು ತಾಳಲಾರದೆ" ಅಂತ ಬರುತ್ತೆ, ಇಲ್ಲಾಂದ್ರೆ "ಜೀವನದಲ್ಲಿ ಜಿಗುಪ್ಸೆಗೊಂಡು". ಅದೇ ಸಾವು ರೈತನದಾದ್ರೆ ಪರಿಹಾರದ ಅರ್ಜಿಯಲ್ಲಿ ಸಾಲದ ದಾಖಲೆ ಮುಂದೆ ಬರುತ್ತೆ (ನಮ್ಮ ರಾಜ್ಯದಲ್ಲಿ 2015ರಲ್ಲಿ ಪರಿಹಾರಾನ 5 ಲಕ್ಷಕ್ಕೆ ಏರಿಸಿದ್ರು). ಇದ್ರಲ್ಲಿ ಯಾರೂ ಸುಳ್ಳು ಹೇಳ್ತಿಲ್ಲ. ಸಾಲಾನೂ ಇತ್ತು, ನೋವೂ ಇತ್ತು, ಮನೇಲಿ ಮಾತುಕತೆ ನಿಂತಿದ್ದೂ ನಿಜ. ಯಾವುದು ಹೊರಗೆ ಬರುತ್ತೆ ಅನ್ನೋದು ಎದುರಿಗೆ ಕೂತು ಕೇಳೋರು ಯಾರು ಅನ್ನೋದ್ರ ಮೇಲಿರುತ್ತೆ. 1940ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ ಬರೆದ ಲೇಖನದ ತಿರುಳು ಇದೇ, ಒಂದೊಂದು ಸಂದರ್ಭಕ್ಕೂ ಜನ ಒಪ್ಪೋ ಕಾರಣಗಳು ಮೊದಲೇ ರೆಡಿ ಇರ್ತವೆ, ನಾವು ಅದ್ರಲ್ಲಿ ಒಂದನ್ನ ಎತ್ಕೊಳ್ತೀವಿ.

ಫ್ರೆಂಚ್ ಸಮಾಜಶಾಸ್ತ್ರಜ್ಞ ಡರ್ಕ್‌ಹೈಮ್ 1897ರಲ್ಲೇ ಇನ್ನೂ ಕಠಿಣವಾಗಿ ಹೇಳಿದ್ದ. ಫ್ರಾನ್ಸಿನಲ್ಲಿ 1856ರಿಂದ 1878ರೊಳಗೆ ಆತ್ಮಹತ್ಯೆ ಸುಮಾರು ಶೇ. 40 ಜಾಸ್ತಿ ಆದ್ರೂ, ದಾಖಲಾದ ಕಾರಣಗಳ ಪಾಲು ಹೆಚ್ಚುಕಮ್ಮಿ ಹಾಗೇ ಇತ್ತು, ಹಾಗಾಗಿ ಅದು ಬರ್ಕೊಂಡ ಅಧಿಕಾರಿಗಳ ಅಭಿಪ್ರಾಯದ ಲೆಕ್ಕ ಅಷ್ಟೇ ಅಂತ ಪಕ್ಕಕ್ಕಿಟ್ಟ.

ಪೂರ್ತಿ ಪಕ್ಕಕ್ಕಿಡೋದನ್ನ ನಾನು ಒಪ್ಪಲ್ಲ. ಒಬ್ಬ ಸೌದೆ ಒಡೀತಿದ್ದಾನೆ, ಕೂಲಿಗೋ, ಮನೆ ಒಲೆಗೋ, ಸಿಟ್ಟು ತೀರಿಸ್ಕೊಳ್ಳೋಕೋ ಅಂತ ಗೊತ್ತಾಗ್ದೆ ಆ ಕೆಲಸ ಅರ್ಥ ಆಯ್ತು ಅನ್ನೋಕಾಗಲ್ಲ ಅಂತ ಜರ್ಮನ್ ಸಮಾಜಶಾಸ್ತ್ರಜ್ಞ ವೇಬರ್ ಹೇಳಿದ್ದು ಸರಿ. ಅದಕ್ಕೇ ಫೀಲ್ಡಿಗೆ ಹೋಗೋ ಹುಡುಗರಿಗೆ "ಯಾಕೆ" ಅಂತ ನೇರ ಕೇಳ್ಬೇಡಿ, ಹಿಂದಿನ ಮಳೆಗಾಲದಿಂದ ಏನೇನಾಯ್ತು ಅಂತ ಕೇಳಿ, ಅವ್ರು ಹೇಳೋ ಕಾರಣ, ಹೇಳುವಾಗ ಪಕ್ಕದಲ್ಲಿ ಯಾರಿದ್ರು, ಎರಡನ್ನೂ ಬರ್ಕೊಳಿ ಅಂತೀನಿ. ಒಬ್ಬರ ಸಾವಿಗೆ ಒಂದೇ ಕಾರಣ ಅಂತ ಲೆಕ್ಕ ಹಿಡಿಯೋ ಸರ್ಕಾರಿ ಟೇಬಲ್ ಕೂಡ ಬದಲಾಗ್ಲೇಬೇಕು, ಸಾಲ ಮತ್ತು ಕಾಯಿಲೆ ಒಟ್ಟಿಗೇ ಇದ್ದ ಮನೆಗಳೆಷ್ಟು ಅನ್ನೋದು ಅದ್ರಲ್ಲಿ ಕಾಣಲ್ಲ.