ಹಿಂದಿನ ಚಕ್ರಕ್ಕೂ ಡಿಸ್ಕ್ ಹಾಕ್ಲಿಕ್ಕೆ ಆಗ್ತದಾ?

ಮಳೆ ಶುರುವಾಗುವ ಮೊದಲು ಒಬ್ಬ ಹುಡುಗ ನಮ್ಮ ಉಡುಪಿ ಗ್ಯಾರೇಜಿಗೆ ಸ್ವಿಫ್ಟ್ ತಂದು ನಿಲ್ಲಿಸಿದ. ಹತ್ತು ವರ್ಷ ದಾಟಿದ ಗಾಡಿ, ಅಪ್ಪನದ್ದು. ಎಬಿಎಸ್ (ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಇಲ್ಲ. "ಅಣ್ಣ, ಹಿಂದಿನ ಡ್ರಮ್ ತೆಗೆದು ಡಿಸ್ಕ್ ಹಾಕ್ಲಿಕ್ಕೆ ಆಗ್ತದಾ?" ಅಂದ. ಫೋನಿನಲ್ಲಿ ಕೆಂಪು ಕ್ಯಾಲಿಪರಿನ (ಡಿಸ್ಕನ್ನು ಎರಡು ಕಡೆಯಿಂದ ಪ್ಯಾಡಿನಲ್ಲಿ ಅಮುಕಿ ಹಿಡಿಯುವ ಭಾಗ) ಫೋಟೊ ತೋರಿಸಿದ. 35 ಸಾವಿರದ ಕಿಟ್ ಒಂದನ್ನು ಆಗಲೇ ನೋಡಿ ಇಟ್ಟಿದ್ದ.

ಎಂತಕ್ಕೆ ಮಾರಾಯ ಎಂದು ಕೇಳಿದೆ. ಆಗುಂಬೆ ಇಳಿಯುವಾಗ ಪೆಡಲ್ ಕೆಳಕ್ಕೆ ಹೋಯಿತಂತೆ. ಸೋಮೇಶ್ವರ ಬರುವಷ್ಟರಲ್ಲಿ ಬ್ರೇಕ್ ಹಿಡಿಯುವುದೇ ಕಮ್ಮಿ ಆಯಿತಂತೆ. ಯಾವ ಗೇರಿನಲ್ಲಿ ಇಳಿದೆ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದ. ನಾಲ್ಕನೇ ಗೇರಂತೆ. ಅಲ್ಲಿರುವುದು 14 ಹೇರ್‌ಪಿನ್ ತಿರುವು!

ಡಿಸ್ಕ್ ಒಳ್ಳೆಯದು ಎನ್ನುವುದರಲ್ಲಿ ನನಗೆ ತಕರಾರಿಲ್ಲ. ಚಕ್ರದ ಜೊತೆ ತಿರುಗುವ ತಟ್ಟೆ ಅದು, ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ. ನೀರು ಬಿದ್ದರೆ ಒಂದೆರಡು ಸುತ್ತಿನಲ್ಲೇ ಒರೆಸಿ ಹಾಕುತ್ತದೆ. ಡ್ರಮ್ ಹಾಗಲ್ಲ, ಅದು ಮುಚ್ಚಿದ ಡಬ್ಬಿ, ಒಳಗಿನಿಂದ ಎರಡು ಶೂ ಅದಕ್ಕೆ ಒತ್ತುತ್ತವೆ. ಜೋರು ಮಳೆಗೆ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನಿಂತ ನೀರು ದಾಟಿ ಬಂದರೆ ಒಳಗೆ ನೀರು ಉಳಿಯುತ್ತದೆ, ಸ್ವಲ್ಪ ದೂರ ಪೆಡಲ್ ಮೆಲ್ಲ ಒತ್ತಿಕೊಂಡು ಒಣಗಿಸಬೇಕು. ಆದರೆ ಇದು ಮುಂದಿನ ಚಕ್ರಕ್ಕೆ ಎಷ್ಟು ಮುಖ್ಯವೋ ಹಿಂದಿನದಕ್ಕೆ ಅಷ್ಟು ಮುಖ್ಯ ಅಲ್ಲ. ಬ್ರೇಕ್ ಒತ್ತಿದಾಗ ಗಾಡಿಯ ಮೂತಿ ತಗ್ಗುವುದನ್ನು ನೋಡಿದ್ದೀರಿ ಅಲ್ವಾ? ಭಾರ ಮುಂದಕ್ಕೆ ಹೋಗುತ್ತದೆ. ಜೋರಾಗಿ ಒತ್ತಿದರೆ ನಿಲ್ಲಿಸುವ ಕೆಲಸದ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಮುಂದಿನ ಚಕ್ರಗಳದ್ದೇ. ಸಣ್ಣ ಕಾರುಗಳಿಗೆ ಕಂಪನಿಯವರು ಹಿಂದೆ ಡ್ರಮ್ ಕೊಡುವುದು ದುಡ್ಡು ಉಳಿಸಲಿಕ್ಕೆ ಮಾತ್ರ ಅಲ್ಲ. ಉಳಿಯುತ್ತದೆ, ಅದು ಬೇರೆ.

ಡ್ರಮ್ಮಿನಲ್ಲಿ ಒಂದು ಉಪಾಯ ಉಂಟು. ಶೂ ಡ್ರಮ್ಮಿಗೆ ತಾಗಿದ ಕೂಡಲೇ ತಿರುಗುವ ಡ್ರಮ್ಮೇ ಎರಡರಲ್ಲಿ ಒಂದು ಶೂವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಬಾಗಿಲ ಕೆಳಗೆ ಬೆಣೆ ಸಿಕ್ಕಿಕೊಂಡ ಹಾಗೆ. ತಳ್ಳಿದಷ್ಟೂ ಬಿಗಿ. ಹಾಗಾಗಿ ಶೂ ತಳ್ಳಲಿಕ್ಕೆ ಸಣ್ಣ ವೀಲ್ ಸಿಲಿಂಡರ್ ಸಾಕಾಗುತ್ತದೆ. ಡಿಸ್ಕ್‌ಗೆ ಈ ಸಹಾಯ ಇಲ್ಲ. ಪ್ಯಾಡ್ ಎಷ್ಟು ಒತ್ತುತ್ತದೋ ಅಷ್ಟೇ ಹಿಡಿತ. ಅದಕ್ಕೇ ಕ್ಯಾಲಿಪರಿನಲ್ಲಿ ದೊಡ್ಡ ಪಿಸ್ಟನ್ ಬೇಕು. ಡ್ರಮ್ಮಿನ ಸಿಲಿಂಡರಿನ ಒಳಗಾತ್ರ 19 ಮಿಲಿಮೀಟರ್ ಇದ್ದರೆ, ಹಿಂದಿನ ಕ್ಯಾಲಿಪರಿನ ಪಿಸ್ಟನ್ 34 ಇರಬಹುದು. ಪಿಸ್ಟನ್ ಮುಖದ ವಿಸ್ತೀರ್ಣ ಲೆಕ್ಕ ಹಾಕಿ ನೋಡಿ, ಒಂದು ಪಿಸ್ಟನ್ನಿಗೆ ಮೂರು ಪಟ್ಟಿಗಿಂತ ಜಾಸ್ತಿ. ಪಿಸ್ಟನ್ ದೊಡ್ಡದಾದರೆ ಅದನ್ನು ಸರಿಸಲಿಕ್ಕೆ ಬೇಕಾಗುವ ಬ್ರೇಕ್ ಆಯಿಲಿನ ಪ್ರಮಾಣವೂ ಬದಲಾಗುತ್ತದೆ. ಪೆಡಲ್ ಒತ್ತಿದಾಗ ಆ ಆಯಿಲ್ ತಳ್ಳಿ ಕೊಡುವ ಮಾಸ್ಟರ್ ಸಿಲಿಂಡರ್ ಮಾತ್ರ ಹಳೆಯದೇ. ಕಿಟ್ ಹಾಕಿಸಿಕೊಂಡ ಎಷ್ಟೋ ಜನ "ಪೆಡಲ್ ಸ್ಪಂಜಿನ ಹಾಗೆ ಆಗಿದೆ, ಏರ್ ತೆಗೆದು ಕೊಡಿ" ಎಂದು ಬರುತ್ತಾರೆ. ಎಷ್ಟು ಬ್ಲೀಡ್ ಮಾಡಿದರೂ ಸರಿ ಆಗದ್ದನ್ನು ನೋಡಿದ್ದೇನೆ. ಅಲ್ಲಿ ಏರ್ ಇರುವುದಿಲ್ಲ, ಲೆಕ್ಕ ತಪ್ಪಿರುತ್ತದೆ.

ನನಗೆ ನಿಜವಾಗಿ ಹೆದರಿಕೆ ಇರುವುದು ಇನ್ನೊಂದಕ್ಕೆ. ಮುಂದಿನ ಚಕ್ರ ಲಾಕ್ ಆದರೆ ಗಾಡಿ ತಿರುಗುವುದಿಲ್ಲ, ನೇರ ಜಾರುತ್ತದೆ. ಅದೂ ಕೆಟ್ಟದ್ದೇ. ಹಿಂದಿನದು ಮೊದಲು ಲಾಕ್ ಆದರೆ ಹಿಂಭಾಗ ಪಕ್ಕಕ್ಕೆ ಬಂದು ಗಾಡಿಯೇ ಗಿರಕಿ ಹೊಡೆಯುತ್ತದೆ. ಆಮೇಲೆ ಸ್ಟೀರಿಂಗ್ ಹಿಡಿದು ಪ್ರಯೋಜನ ಇಲ್ಲ. ಇದಕ್ಕಾಗಿಯೇ ಎಬಿಎಸ್ ಇಲ್ಲದ ಕಾರುಗಳಲ್ಲಿ ಹಿಂದಕ್ಕೆ ಹೋಗುವ ಪ್ರೆಶರನ್ನು ತಗ್ಗಿಸುವ ಪ್ರೊಪೋರ್ಷನಿಂಗ್ ವಾಲ್ವ್ ಇಟ್ಟಿರುತ್ತಾರೆ. ಆ ವಾಲ್ವ್ ಲೆಕ್ಕ ಹಾಕಿರುವುದು ಡ್ರಮ್ಮಿಗೆ. ಡಿಸ್ಕ್ ಹಾಕಿದರೆ ಹಿಂದೆ ಹಿಡಿತ ಕಮ್ಮಿಯೂ ಆಗಬಹುದು, ಜಾಸ್ತಿಯೂ ಆಗಬಹುದು. ಒಣ ರಸ್ತೆಯಲ್ಲಿ ಒಂದು ರೌಂಡ್ ಹೊಡೆದರೆ ಇದು ಗೊತ್ತಾಗುವುದಿಲ್ಲ. ಗೊತ್ತಾಗುವುದು ಜುಲೈ ತಿಂಗಳಲ್ಲಿ, ಖಾಲಿ ಗಾಡಿ, ಒದ್ದೆ ರಸ್ತೆ, ಎದುರಿಗೆ ದನ ಬಂದಾಗ. ಎಬಿಎಸ್ ಇರುವ ಗಾಡಿಯಾದರೆ ಸೆನ್ಸರ್ ಮತ್ತು ಅದರ ಹಲ್ಲಿನ ರಿಂಗ್ ಕೂಡ ಹೊಸ ಹಬ್ಬಿಗೆ (ಚಕ್ರ ಕೂರುವ ನಡು ಭಾಗಕ್ಕೆ) ಸರಿಯಾಗಿ ಕೂರಬೇಕು. ಅದರೊಳಗಿನ ಪ್ರೋಗ್ರಾಂ ಕೂಡ ಡ್ರಮ್ಮನ್ನೇ ನಂಬಿಕೊಂಡಿರುತ್ತದೆ.

ಹ್ಯಾಂಡ್ ಬ್ರೇಕಿನ ವಿಷಯ ಯಾರೂ ಯೋಚಿಸುವುದಿಲ್ಲ. ಕಿಟ್ಟಿನ ಕ್ಯಾಲಿಪರಿಗೆ ಹ್ಯಾಂಡ್ ಬ್ರೇಕ್ ಲಿವರ್ ಇಲ್ಲದಿದ್ದರೆ ಹ್ಯಾಂಡ್ ಬ್ರೇಕಿನ ಕೇಬಲ್ ಸಿಕ್ಕಿಸಲಿಕ್ಕೆ ಅದರಲ್ಲಿ ಜಾಗವೇ ಇಲ್ಲ. ಲಿವರ್ ಇದ್ದರೂ ಕೇಬಲಿನ ಉದ್ದ, ಎಳೆತ ಹೊಂದಬೇಕು. ಪಕ್ಕದ ಮಂಗಳೂರು ಮಟ್ಟಸ ಊರಲ್ಲ. ಕದ್ರಿ, ಬಲ್ಮಠದ ಏರಿನಲ್ಲಿ ಗಾಡಿ ನಿಲ್ಲಿಸುವವರಿಗೆ ಡ್ರಮ್ಮಿನ ಹಿಡಿತದ ಬೆಲೆ ಗೊತ್ತಿರಬೇಕು. ಬಿಸಿಯಾದ ಡಿಸ್ಕ್ ತಣಿಯುವಾಗ ಕುಗ್ಗಿ ಪ್ಯಾಡ್ ಸ್ವಲ್ಪ ಸಡಿಲ ಆಗುತ್ತದೆ. ಏರಿನಲ್ಲಿ ಅಷ್ಟೇ ಸಾಕು, ಗಾಡಿ ಹಿಂದೆ ಜಾರಲಿಕ್ಕೆ.

ಕೆಲವು ವರ್ಷಗಳ ಹಿಂದೆ ಬೇರೆ ಕಡೆ ಕೆಲಸ ಮಾಡಿಸಿದ ಒಂದು ಕಾರು ನನ್ನಲ್ಲಿಗೆ ಬಂತು. ಹಿಂದೆ ಕಟಕಟ ಶಬ್ದ. ಚಕ್ರ ಬಿಚ್ಚಿದರೆ, ಕ್ಯಾಲಿಪರ್ ಕೂರಿಸಿದ ಬ್ರಾಕೆಟನ್ನು ಯಾವುದೋ ಪ್ಲೇಟಿನಿಂದ ಗ್ಯಾಸಿನಲ್ಲಿ ಕತ್ತರಿಸಿ ಮಾಡಿದ್ದರು. ಬೋಲ್ಟಿನ ತೂತಿನ ಹತ್ತಿರ ಕೂದಲೆಳೆಯಷ್ಟು ಬಿರುಕು. ಬ್ರೇಕ್ ಒತ್ತಿದಾಗಲೆಲ್ಲ ಚಕ್ರದ ಎಳೆತ ಪೂರ್ತಿ ಬೀಳುವುದು ಆ ಬ್ರಾಕೆಟಿನ ಮೇಲೆ. ಗೇಟಿನ ತಗಡಿಗೆ ಮಾಡುವ ಕೆಲಸವನ್ನು ಇಲ್ಲಿ ಮಾಡಬಾರದು.

ಇನ್ನು ನಮ್ಮ ಕರಾವಳಿ. ಮಲ್ಪೆ, ಮರವಂತೆ ಕಡೆಯ ಗಾಡಿಗಳಲ್ಲಿ ಹಿಂದಿನ ಡಿಸ್ಕ್ ಏನಾಗುತ್ತದೆ ಎಂದು ದಿನಾ ನೋಡುತ್ತೇವೆ. ಉಪ್ಪಿನ ಗಾಳಿ, ಮೀನಿನ ಲಾರಿಯಿಂದ ಸುರಿಯುವ ನೀರು. ಹಿಂದಿನ ಬ್ರೇಕಿಗೆ ಕೆಲಸ ಕಮ್ಮಿ, ಹಾಗಾಗಿ ತುಕ್ಕು ಉಜ್ಜಿ ಹೋಗುವುದೂ ಕಮ್ಮಿ. ಕ್ಯಾಲಿಪರಿನ ಪಿನ್ ಜಾಮ್ ಆಗಿ ಒಂದು ಪ್ಯಾಡ್ ಪೂರ್ತಿ ಸವೆದು, ಇನ್ನೊಂದು ಹೊಸದರ ಹಾಗೇ ಇರುತ್ತದೆ. ಫೋಕ್ಸ್‌ವ್ಯಾಗನ್ ತನ್ನ ಐಡಿ.3, ಐಡಿ.4 ಎಲೆಕ್ಟ್ರಿಕ್ ಕಾರುಗಳಿಗೆ ಹಿಂದೆ ಡ್ರಮ್ಮನ್ನೇ ಕೊಟ್ಟಿತು. ಮೋಟರೇ ಬ್ರೇಕ್ ಹಿಡಿಯುವ ಗಾಡಿಯಲ್ಲಿ ಹಿಂದಿನ ಬ್ರೇಕ್ ಅಪರೂಪಕ್ಕೆ ಕೆಲಸ ಮಾಡುವುದು, ಮುಚ್ಚಿದ ಡ್ರಮ್ಮಾದರೆ ಕೆಡುವುದಿಲ್ಲ ಎಂಬ ಲೆಕ್ಕ. ಆದರೆ ಡ್ರಮ್ಮಿಗೂ ಮಳೆಗಾಲದ ಒಂದು ಕಾಟ ಉಂಟು. ಹ್ಯಾಂಡ್ ಬ್ರೇಕ್ ಎಳೆದಿಟ್ಟು ದುಬೈಗೆ ಹೋದವರ ಗಾಡಿಯಲ್ಲಿ ಶೂ ಡ್ರಮ್ಮಿಗೆ ಕಚ್ಚಿಕೊಂಡು ಕೂರುತ್ತದೆ. ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಹೋಗಿ ಮಾರಾಯ್ರೆ.

ಹಾಗಾದರೆ ಮಾಡಲೇಬಾರದಾ? ಅದೇ ಮಾಡೆಲಿನಲ್ಲಿ ಕಂಪನಿಯೇ ಹಿಂದೆ ಡಿಸ್ಕ್ ಕೊಟ್ಟಿದ್ದರೆ ಒಂದು ದಾರಿ ಇದೆ. ಬಲೆನೊದ ಆರ್‌ಎಸ್‌ನಲ್ಲಿ ಇತ್ತು. ಹಬ್, ಕ್ಯಾಲಿಪರ್, ಕೇಬಲ್, ಮಾಸ್ಟರ್ ಸಿಲಿಂಡರ್, ಎಬಿಎಸ್ ಯುನಿಟ್, ಎಲ್ಲ ಆ ಗಾಡಿಯದ್ದೇ ತರಬೇಕು. ಅರ್ಧ ತಂದು ಅರ್ಧ ಬಿಟ್ಟರೆ ಮೇಲೆ ಹೇಳಿದ ಕತೆಯೇ. ಕಾಗದದ ಕೆಲಸವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹಾಗೇ ಹೇಳಿದೆ. ಅಪಘಾತ ಆದ ಮೇಲೆ ಇನ್ಶೂರೆನ್ಸ್ ಸರ್ವೇಯರ್ ಆ ಕೆಂಪು ಕ್ಯಾಲಿಪರ್ ನೋಡಿದರೆ ಏನು ಬರೆಯಬಹುದು, ನೀವೇ ಯೋಚಿಸಿ.

ಹುಡುಗನ ಸ್ವಿಫ್ಟ್‌ಗೆ ಬರುತ್ತೇನೆ. ಕಿಟ್ ಆಮೇಲೆ ನೋಡುವ, ಮೊದಲು ಡ್ರಮ್ ಬಿಚ್ಚುವ ಅಂದೆ. ಎಡಗಡೆ ವೀಲ್ ಸಿಲಿಂಡರ್ ಲೀಕ್ ಆಗಿ ಲೈನರ್ ಒದ್ದೆ. ಬಲಗಡೆ, ಶೂ ಸವೆದ ಹಾಗೆ ಅದನ್ನು ಡ್ರಮ್ಮಿನ ಹತ್ತಿರ ಇಡುವ ಅಡ್ಜಸ್ಟರ್ ತುಕ್ಕು ಹಿಡಿದು ಜಾಮ್, ಶೂ ಡ್ರಮ್ಮಿನಿಂದ ಎಲ್ಲೋ ದೂರ. ಪೆಡಲ್ ಕೆಳಕ್ಕೆ ಹೋಗದೆ ಮತ್ತೆಲ್ಲಿಗೆ ಹೋಗುತ್ತದೆ? ಬ್ರೇಕ್ ಆಯಿಲ್ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕಡೇಪಕ್ಷ 205 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುವ ಊರಿನಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಹಿಂದಿನದು ಕೆಲಸ ಮಾಡದ್ದರಿಂದ ಘಾಟಿಯಲ್ಲಿ ಪೂರ್ತಿ ಹೊರೆ ಮುಂದಿನ ಡಿಸ್ಕ್‌ಗೆ ಬಿದ್ದು, ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದಿರಬೇಕು. ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ.

ಎರಡೂ ವೀಲ್ ಸಿಲಿಂಡರ್, ಹೊಸ ಶೂ, ಅಡ್ಜಸ್ಟರ್ ಕ್ಲೀನಿಂಗ್, ಹೊಸ ಆಯಿಲ್. ಡ್ರಮ್ಮಿನ ಒಳಗಾತ್ರ ಅಳೆದೆ, ಅದರ ಮೇಲೆ ಅಚ್ಚಾಗಿದ್ದ ಮಿತಿಯೊಳಗೇ ಇತ್ತು, ಲೇತಿಗೆ ಕೊಡಬೇಕಾಗಲಿಲ್ಲ. ಬಿಲ್ ಐದು ಸಾವಿರ ದಾಟಲಿಲ್ಲ. ಘಾಟಿಯಲ್ಲಿ ಎರಡನೇ ಗೇರ್, ಎಂಜಿನೂ ಗಾಡಿಯನ್ನು ಹಿಡಿಯಲಿ ಎಂದು ಹೇಳಿ ಕಳಿಸಿದೆ.

ಹದಿನೈದು ದಿನ ಬಿಟ್ಟು ಮತ್ತೆ ಬಂದ. ಬ್ರೇಕ್ ಚೆನ್ನಾಗಿದೆ ಅಂದ. ಹಿಂದಿನ ಎರಡೂ ಡ್ರಮ್ಮಿಗೆ ಕೆಂಪು ಪೇಂಟ್ ಹೊಡೆದಿದ್ದ. ಬಿಸಿ ತಡೆಯುವ ಪೇಂಟ್ ತಾನೇ, ಎಂದಷ್ಟೇ ಕೇಳಿದೆ.