ಲಕ್ಷ ಕಿಲೋಮೀಟರ್ ದಾಟಿದ ಆಟೊಮ್ಯಾಟಿಕ್: ಗೇರ್‌ಬಾಕ್ಸ್ ಆಯಿಲ್ ಮುಟ್ಟಬೇಕಾ, ಬಿಡಬೇಕಾ?

ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ಕಾರು ತಗೊಂಡವರು ಗ್ಯಾರೇಜಿಗೆ ಬಂದಾಗ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಮೀಟರ್ 1.2 ಲಕ್ಷ ತೋರಿಸುತ್ತಿರುತ್ತದೆ. ಗೇರ್‌ಬಾಕ್ಸ್ ಆಯಿಲ್ ಒಮ್ಮೆಯಾದರೂ ಬದಲಾಗಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. "ಇಷ್ಟು ಓಡಿದ ಮೇಲೆ ಬದಲಿಸಿದ್ರೆ ಗೇರ್‌ಬಾಕ್ಸೇ ಹೋಗುತ್ತಂತೆ, ಹೌದಾ ಸಾರ್?" ಅಂತ ಕೇಳುತ್ತಾರೆ. ಕಾರು ಇವತ್ತಿಗೂ ಚೆನ್ನಾಗಿ ಓಡುತ್ತಿದ್ದರೆ ಬದಲಿಸಿ, ಆದರೆ ಒಂದೇ ಸಲಕ್ಕೆ ಪೂರ್ತಿ ಬೇಡ ಅನ್ನುವುದು ನನ್ನ ಉತ್ತರ. ಈಗಾಗಲೇ ಸ್ಲಿಪ್ ಆಗುತ್ತಿದ್ದರೆ, ಅಂದರೆ ಇಂಜಿನ್ ರೇಸ್ ಆದರೂ ಗಾಡಿ ಎಳೆಯದಿದ್ದರೆ, ಲೆಕ್ಕವೇ ಬೇರೆ.

ಮೊದಲು ನಿಮ್ಮದು ಯಾವ ಗೇರ್‌ಬಾಕ್ಸ್ ಅಂತ ತಿಳ್ಕೊಳ್ಳಿ. 2014ರಲ್ಲಿ ಸೆಲೆರಿಯೊ ಜೊತೆ ನಮ್ಮಲ್ಲಿ ಶುರುವಾದ ಎಎಂಟಿ ಒಳಗೆ ಮಾಮೂಲಿ ಮ್ಯಾನ್ಯುವಲ್ ಗೇರ್‌ಬಾಕ್ಸೇ ಇರುತ್ತದೆ, ಕ್ಲಚ್ ಒತ್ತಿ ಗೇರ್ ಹಾಕುವುದನ್ನು ಮಾತ್ರ ಯಂತ್ರ ಮಾಡುತ್ತದೆ. ಅದರ ಕ್ಲಚ್ ಆಯಿಲಲ್ಲಿ ಮುಳುಗಿರುವುದಿಲ್ಲ. ಹಾಗಾಗಿ ಈ ಭಯ ಅದಕ್ಕೆ ಅನ್ವಯಿಸುವುದಿಲ್ಲ, ಆಯಿಲ್ ಆರಾಮಾಗಿ ಬದಲಿಸಬಹುದು. ನಾನಿಲ್ಲಿ ಹೇಳುತ್ತಿರುವುದು ಟಾರ್ಕ್ ಕನ್ವರ್ಟರ್, ಅಂದರೆ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಆಯಿಲ್ ಮೂಲಕವೇ ಶಕ್ತಿ ದಾಟಿಸುವ ಭಾಗ, ಇರುವ ಗಾಡಿಗಳ ಬಗ್ಗೆ.

ಇಂಥ ಗೇರ್‌ಬಾಕ್ಸಲ್ಲಿ ಆಯಿಲ್‌ಗೆ ಇರುವ ಕೆಲಸ ಒಂದೆರಡಲ್ಲ. ಇಂಜಿನ್ನಿನ ಶಕ್ತಿಯನ್ನು ಗೇರುಗಳಿಗೆ ದಾಟಿಸುವುದು ಅದೇ. ಒತ್ತಡ ಕೊಟ್ಟು ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದು, ಬಿಸಿಯನ್ನು ಕೂಲರ್‌ಗೆ ಒಯ್ಯುವುದು ಕೂಡ ಅದೇ. ಪ್ಲೇಟುಗಳು ಎಷ್ಟು ಮೆತ್ತಗೆ ಹಿಡಿಯಬೇಕು, ಎಷ್ಟು ಗಟ್ಟಿಯಾಗಿ ಹಿಡಿಯಬೇಕು ಅನ್ನುವುದನ್ನು ಅದರಲ್ಲಿ ಬೆರೆಸಿದ ರಾಸಾಯನಿಕಗಳು ನೋಡಿಕೊಳ್ಳುತ್ತವೆ. ಬಿಸಿಗೆ ಮೊದಲು ಹಾಳಾಗುವುದೇ ಅವು. 80 ಡಿಗ್ರಿ ದಾಟಿದ ಮೇಲೆ ಪ್ರತಿ 10-11 ಡಿಗ್ರಿ ಏರಿಕೆಗೆ ಆಯಿಲ್ ಆಯಸ್ಸು ಅರ್ಧ ಆಗುತ್ತದೆ ಅನ್ನುವುದು ನಮ್ಮ ಕಸುಬಿನ ಅಂದಾಜು ಲೆಕ್ಕ. ಹೈವೇಯಲ್ಲಿ ಟಾರ್ಕ್ ಕನ್ವರ್ಟರ್ ಲಾಕ್ ಆಗಿ, ಅಂದರೆ ಇಂಜಿನ್ ಜೊತೆ ನೇರವಾಗಿ ಕೂಡಿಕೊಂಡು ಓಡುತ್ತದೆ, ಅಷ್ಟು ಬಿಸಿಯಾಗುವುದಿಲ್ಲ. ಸಿಲ್ಕ್ ಬೋರ್ಡ್ ಜಾಮಲ್ಲಿ ತೆವಳುವಾಗ ಆಯಿಲ್ ಸುಮ್ನೆ ಕಡೆಯುತ್ತಲೇ ಇರುತ್ತದೆ, ಬಿಸಿ ಏರುತ್ತಲೇ ಇರುತ್ತದೆ. ಅದಕ್ಕೇ ಬೆಂಗಳೂರಲ್ಲಿ 60 ಸಾವಿರ ಓಡಿದ ಕಾರಿನ ಆಯಿಲ್, ಹೈವೇಯಲ್ಲೇ ಲಕ್ಷ ಓಡಿದ ಕಾರಿನ ಆಯಿಲ್‌ಗಿಂತ ಕಪ್ಪಾಗಿರಬಹುದು.

"ಲೈಫ್‌ಟೈಮ್ ಆಯಿಲ್ ಸಾರ್, ಬದಲಿಸೋದೇ ಬೇಡ" ಅನ್ನುವವರೂ ಇದ್ದಾರೆ. ಯಾರ ಲೈಫ್‌ಟೈಮ್ ಅಂತ ಕೇಳಬೇಕು! ಬಿಎಂಡಬ್ಲ್ಯುಗೆ ಗೇರ್‌ಬಾಕ್ಸ್ ಮಾಡಿಕೊಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ ತನ್ನ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ 80 ಸಾವಿರದಿಂದ 1.2 ಲಕ್ಷ ಕಿಮೀ ಒಳಗೆ, ಇಲ್ಲವೇ 8 ವರ್ಷಕ್ಕೆ ಆಯಿಲ್ ಬದಲಿಸಿ ಅನ್ನುತ್ತದೆ.

ಹಾಗಾದರೆ 'ಬದಲಿಸಿದ್ರೆ ಹೋಗುತ್ತೆ' ಅನ್ನುವ ಮಾತು ಬಂದಿದ್ದೆಲ್ಲಿಂದ? ಪೂರ್ತಿ ಸುಳ್ಳೇನಲ್ಲ. ಸವೆದ ಪ್ಲೇಟುಗಳ ಪುಡಿ ಹಳೇ ಆಯಿಲಲ್ಲಿ ತೇಲುತ್ತಾ ಒಂಚೂರು ಹಿಡಿತ ಕೊಡುತ್ತಿರುತ್ತದೆ, ಹೊಸ ಆಯಿಲ್ ಬಂದರೆ ಅದೂ ಇಲ್ಲ ಅನ್ನುವುದು ಒಂದು ವಾದ. ಪ್ಲೇಟು ಪೂರ್ತಿ ಸವೆದ ಗಾಡಿಗೆ ಈ ವಾದ ಅಲ್ಪಸ್ವಲ್ಪ ಹೊಂದುತ್ತದೆ. ಇನ್ನೊಂದು, ಮಷಿನ್ ಹಾಕಿ ಒತ್ತಡದಲ್ಲಿ ತೊಳೆದರೆ ಮೂಲೆಯಲ್ಲಿ ಕೂತಿದ್ದ ಕೊಳೆ ಎದ್ದು ಆಯಿಲನ್ನು ಬೇಕಾದ ಕಡೆ ಹಂಚುವ ವಾಲ್ವ್ ಬಾಡಿಯ ಸಣ್ಣ ದಾರಿಗಳಲ್ಲಿ ಸಿಕ್ಕಿಕೊಳ್ಳುವ ಸಾಧ್ಯತೆ ಇದೆ. ಹಳೇ ಗಾಡಿಗೆ ನಾನು ಮಷಿನ್ ಫ್ಲಶ್ ಬೇಡವೇ ಬೇಡ ಅನ್ನುವುದು ಇದಕ್ಕೇ.

ಆದರೆ ನಾನು ನೋಡಿದ ಹಾಗೆ ಜಾಸ್ತಿ ಜನ ಆಯಿಲ್ ನೆನಪು ಮಾಡಿಕೊಳ್ಳುವುದೇ ಗೇರ್ ಎಳೆಯುವುದು ನಿಂತಾಗ. ಲಿವರನ್ನು ಡಿಗೆ (ಡ್ರೈವ್) ಹಾಕಿದರೆ ಎರಡು ಮೂರು ಸೆಕೆಂಡ್ ಕಾದು ಧಡ್ ಅಂತ ಹಿಡಿಯುತ್ತದೆ. ಏರಿನಲ್ಲಿ ಆರ್‌ಪಿಎಂ ಏರುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. ಆ ಹೊತ್ತಿಗೆ ಆಯಿಲ್ ಬದಲಿಸಿ, ಹದಿನೈದು ದಿನಕ್ಕೆ ಗೇರ್‌ಬಾಕ್ಸ್ ಕೂತರೆ, ತಪ್ಪು ಹೊಸ ಆಯಿಲ್ ತಲೆಗೆ. ಇಂಥ ಗಾಡಿ ಬಂದರೆ ನಾನು ಮೊದಲೇ ಹೇಳಿಬಿಡುತ್ತೇನೆ: ಆಯಿಲ್ ದುಡ್ಡು ಉಳಿಸಿ, ಓವರ್‌ಹಾಲಿಗೆ ಇಟ್ಟುಕೊಳ್ಳಿ.

ಒಂದು ತೊಂದರೆ ಮಾತ್ರ ಆಯಿಲಿಂದಲೇ ಹೋಗುವುದುಂಟು. 50-80 ಕಿಮೀ ವೇಗದಲ್ಲಿ, ಆಕ್ಸಿಲರೇಟರ್ ಹಗುರಾಗಿ ಒತ್ತಿದಾಗ, ರಂಬಲ್ ಸ್ಟ್ರಿಪ್ ಮೇಲೆ ಹೋದಂತೆ ಗಾಡಿ ಗಡಗಡ ನಡುಗುತ್ತದೆ. ಅದು ಟಾರ್ಕ್ ಕನ್ವರ್ಟರಿನ ಲಾಕಪ್ ಕ್ಲಚ್ ಸರಿಯಾಗಿ ಹಿಡಿಯದೆ ಬರುವ ನಡುಕ. ಆಯಿಲಿನ ರಾಸಾಯನಿಕ ಸತ್ತಿರುವುದೇ ಇದಕ್ಕೆ ಎಷ್ಟೋ ಸಲ ಕಾರಣ. ಬೇಗ ಪತ್ತೆಹಚ್ಚಿದರೆ ಹೊಸ ಆಯಿಲಿಗೆ ಈ ನಡುಕ ನಿಂತುಹೋಗುತ್ತದೆ. ಎಷ್ಟೋ ಜನ ಇದನ್ನು ಇಂಜಿನ್ ಮಿಸ್ಸಿಂಗ್ ಅಂತ ಸ್ಪಾರ್ಕ್ ಪ್ಲಗ್, ಕಾಯಿಲ್ ಎಲ್ಲಾ ಬದಲಿಸಿ ಆಮೇಲೆ ಬರುತ್ತಾರೆ.

ಆಯಿಲ್ ಇಳಿಸಿದಾಗ ಪಕ್ಕದಲ್ಲೇ ನಿಂತು ನೋಡಿ. ಟೊಯೊಟಾ, ಹೋಂಡಾ ಆಯಿಲ್ ಹೊಸದಿದ್ದಾಗ ಕೆಂಪು. ಕಂದು ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ, ಅಷ್ಟೇ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟು ಸುಟ್ಟಿದೆ. ಗೇರ್‌ಬಾಕ್ಸ್ ಅಡಿಯ ಆಯಿಲ್ ಚೇಂಬರ್ ಬಿಚ್ಚಿದರೆ ತಳದಲ್ಲಿ ಸಣ್ಣ ಮ್ಯಾಗ್ನೆಟ್‌ಗಳು ಇರುತ್ತವೆ. ಅವುಗಳ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಹೆದರಬೇಡಿ. ಬೆರಳಲ್ಲಿ ಉಜ್ಜಿದಾಗ ಚೂರು ಚುಚ್ಚಿದರೆ, ಮಿನುಗುವ ಕಣ ಕಂಡರೆ ಒಳಗೆ ಏನೋ ಮುರಿಯುತ್ತಿದೆ. ಇನ್ನು ಆಯಿಲ್ ಗುಲಾಬಿ ನೊರೆಯಾಗಿದ್ದರೆ ರೇಡಿಯೇಟರ್ ಒಳಗಿನ ಕೂಲರ್ ಒಡೆದು ಕೂಲೆಂಟ್ ಸೇರಿದೆ. ಗಾಡಿ ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ನೀರು ಸೇರಿದರೆ ಪ್ಲೇಟಿನ ಅಂಟೇ ಬಿಟ್ಟುಕೊಳ್ಳುತ್ತದೆ.

ಬದಲಿಸುವ ಕ್ರಮ ಹೀಗೆ. ಏಳೆಂಟು ಲೀಟರ್ ಹಿಡಿಯುವ ಗೇರ್‌ಬಾಕ್ಸಲ್ಲಿ ಡ್ರೈನ್ ಬೋಲ್ಟ್ ಬಿಚ್ಚಿದರೆ ಸುಮಾರು ಅರ್ಧ ಮಾತ್ರ ಇಳಿಯುತ್ತದೆ. ಉಳಿದದ್ದು ಟಾರ್ಕ್ ಕನ್ವರ್ಟರ್, ಪೈಪುಗಳಲ್ಲೇ ನಿಲ್ಲುತ್ತದೆ. ಹಳೇ ಗಾಡಿಗೆ ಇದೇ ಅನುಕೂಲ. ಇಳಿದಷ್ಟನ್ನು ಅಳೆದು ಅಷ್ಟೇ ತುಂಬಿ, ಸಾವಿರ ಕಿಮೀ ಓಡಿಸಿ, ಮತ್ತೆ ಮಾಡಿ. ಮೊದಲ ಸಲಕ್ಕೆ ನೂರಕ್ಕೆ 50 ಭಾಗ ಹೊಸದು, ಎರಡನೇ ಸಲಕ್ಕೆ 75, ಮೂರನೇ ಸಲಕ್ಕೆ 87. ಅಷ್ಟು ಸಾಕು. ಬಿಚ್ಚಿ ತೆಗೆಯಲು ಬರುವಂಥ ಫಿಲ್ಟರ್ ಇದ್ದರೆ ಮೊದಲ ಸಲವೇ ಬದಲಿಸಿ. ಆಯಿಲ್ ಇಳಿಸುವ ಮುಂಚೆ ತುಂಬುವ ಬೋಲ್ಟ್ ಬಿಚ್ಚುತ್ತದಾ ಅಂತ ಖಚಿತ ಮಾಡಿಕೊಳ್ಳಲು ಮೆಕ್ಯಾನಿಕ್‌ಗೆ ಹೇಳಿ. ಎಲ್ಲಾ ಇಳಿಸಿದ ಮೇಲೆ ಅದು ಜಾಮ್ ಆಗಿದೆ ಅಂದರೆ ಗಾಡಿ ಲಿಫ್ಟ್ ಮೇಲೇ ಉಳಿಯುತ್ತದೆ.

ಆಯಿಲ್ ಬದಲಿಸಿದ ಮೇಲೆ ಕೆಟ್ಟ ಗೇರ್‌ಬಾಕ್ಸುಗಳಲ್ಲಿ ನಿಜವಾದ ತಪ್ಪು ಅನೇಕ ಸಲ ಎರಡು ಕಡೆ ಇರುತ್ತದೆ. ಒಂದು ಗ್ರೇಡ್. ಟೊಯೊಟಾದ ಡಬ್ಲ್ಯುಎಸ್, ಹೋಂಡಾದ ಡಿಡಬ್ಲ್ಯು-1, ಹ್ಯುಂಡೈ 6 ಸ್ಪೀಡಿನ ಎಸ್‌ಪಿ-4 ಎಲ್ಲಾ ಬೇರೆ ಬೇರೆ. 'ಎಲ್ಲಾ ಗಾಡಿಗೂ ಆಗುತ್ತೆ' ಅನ್ನುವ ಡಬ್ಬದಿಂದ ದೂರ ಇರಿ. ಗೇರುಗಳ ಬದಲು ಬೆಲ್ಟ್ ಮೇಲೆ ಓಡುವ ಸಿವಿಟಿ ಗೇರ್‌ಬಾಕ್ಸಿಗಂತೂ ಮಾಮೂಲಿ ಆಟೊಮ್ಯಾಟಿಕ್ ಆಯಿಲ್ (ಎಟಿಎಫ್) ಹಾಕಿದರೆ ಬೆಲ್ಟ್ ಪುಲ್ಲಿಯ ಮೇಲೆ ಜಾರಿ ಎರಡೂ ಹಾಳು. ಇನ್ನೊಂದು ಲೆವೆಲ್. ಈಗಿನ ಹಲವು ಗಾಡಿಗಳಲ್ಲಿ ಗೇರ್‌ಬಾಕ್ಸ್ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ಕೇ ಇಲ್ಲ. ಇಂಜಿನ್ ಓಡುತ್ತಿರುವಾಗ, ಗಾಡಿ ಸಮನಾಗಿ ನಿಂತಿರುವಾಗ, ಆಯಿಲ್ ಸುಮಾರು 35-45 ಡಿಗ್ರಿ ಇದ್ದಾಗ ನೋಡಬೇಕು. ಸರಿಯಾದ ಅಂಕಿ ಕಂಪನಿಯ ಮ್ಯಾನ್ಯುವಲಲ್ಲಿ ಇರುತ್ತದೆ. ಆಯಿಲ್ ಬಿಸಿ ತೋರಿಸುವ ಸ್ಕ್ಯಾನರ್ ಹಾಕದೆ ಕೈಯಲ್ಲಿ ಮುಟ್ಟಿ 'ಬಿಸಿ ಆಗಿದೆ ಬಿಡಿ' ಅನ್ನುವ ಕಡೆ ಈ ಕೆಲಸ ಮಾಡಿಸಬೇಡಿ. ಕಮ್ಮಿಯಾದರೆ ಪಂಪ್ ಗಾಳಿ ಎಳೆಯುತ್ತದೆ. ಜಾಸ್ತಿಯಾದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಮಾಡುತ್ತವೆ. ಎರಡರಲ್ಲೂ ಒತ್ತಡ ಬಿದ್ದು ಕ್ಲಚ್ ಜಾರುತ್ತದೆ.

ಆಮೇಲಿನ ಲೆಕ್ಕ ಸುಲಭ. ಬೆಂಗಳೂರು ಟ್ರಾಫಿಕ್ಕೇ ಜಾಸ್ತಿ, ಇಲ್ಲವೇ ಶಿರಾಡಿ, ಚಾರ್ಮಾಡಿ ಕಡೆ ಆಗಾಗ ಲೋಡ್ ಹಾಕಿ ಹತ್ತಿಸುತ್ತೀರಿ ಅಂದರೆ 40-50 ಸಾವಿರಕ್ಕೊಮ್ಮೆ ಹೀಗೇ ಒಂದು ಸಲ ಇಳಿಸಿ ತುಂಬಿಸಿ. ಹೈವೇ ಗಾಡಿಗೆ 60-80 ಸಾವಿರ ನಡೆಯುತ್ತದೆ.